ಸ್ಪಿನ್ ಸರಪಳಿ: ಮುಂಬಯಿಯಿಂದ ಬೆಂಗಳೂರಿಗೆ

ಹೊರನಾಡಿನ ಬಳಗಗಳಲ್ಲಿ ನಾವು ಪಂಪನಿಂದ ಕುವೆಂಪುವರೆಗೆ ಆಸಕ್ತಿಯಿಂದ ಚರ್ಚಿಸುತ್ತೇವೆ. ಆದರೆ ಕನ್ನಡ ನೆಲದಲ್ಲಿ ನಡೆದ ವಿಜ್ಞಾನದ ಇತಿಹಾಸ ನಮ್ಮ ಮಾತಿಗೆ ಬರುವುದು ವಿರಳ. ಅಂತಹ ಒಂದು ಅಧ್ಯಾಯ ಕ್ವಾಂಟಮ್ ಸ್ಪಿನ್ ಸರಪಳಿಯದು.

ಸ್ಪಿನ್ ಎಂದರೆ ಪರಮಾಣುವಿನೊಳಗಿನ ಅತಿಸೂಕ್ಷ್ಮ ಅಯಸ್ಕಾಂತವೆಂದು ಸ್ಥೂಲವಾಗಿ ಭಾವಿಸಬಹುದು. ಪಕ್ಕದ ಸ್ಪಿನ್ನಿಗೆ ವಿರುದ್ಧವಾಗಿರಬಯಸುವ ಸ್ಪಿನ್ನುಗಳ ಸಾಲಿನ ಗಣಿತವನ್ನು 1931ರಲ್ಲಿ ಹಾನ್ಸ್ ಬೆಥೆ ಬಿಡಿಸಿದರು. 1969ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ ಒಂದು ತೊಡಕನ್ನು ಸೇರಿಸಿದರು: ಒಂದನ್ನು ಬಿಟ್ಟು ಮುಂದಿನ ಸ್ಪಿನ್ನಿನೊಡನೆಯೂ ಅದೇ ವಿರೋಧ. ಎರಡು ಬಯಕೆಗಳೂ ಒಟ್ಟಿಗೆ ಈಡೇರಲಾರವು.

ಅವರು ಲೆಕ್ಕ ಹಾಕಿದ್ದು ಮೊದಲು ಎಂಟು, ಬಳಿಕ ಹತ್ತು ಸ್ಪಿನ್ನುಗಳವರೆಗೆ ಮಾತ್ರ. ಹತ್ತು ಸ್ಪಿನ್ನುಗಳಿಗೆ 1,024 ವಿನ್ಯಾಸಗಳು, ಇಪ್ಪತ್ತಕ್ಕೆ 10,48,576, ನಲವತ್ತಕ್ಕೆ ಒಂದು ಲಕ್ಷ ಕೋಟಿಗೂ ಮಿಗಿಲು. ಆದರೂ ಉದ್ದದ ಮಿತಿಯಿಲ್ಲದೆ ಸಲ್ಲುವ ಒಂದು ಸತ್ಯ ಹೊರಬಿತ್ತು. ಎರಡನೆಯ ವಿರೋಧವು ಮೊದಲನೆಯದರ ಅರ್ಧದಷ್ಟಿದ್ದಾಗ, ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಸ್ಪಿನ್ನುಗಳು ಎರಡೆರಡಾಗಿ ಜೋಡಿಗೂಡುತ್ತವೆ.

ಇದನ್ನು ತಿಳಿಯುವುದು ಹೇಗೆ? ಒಂದೊಂದು ಸ್ಪಿನ್ನನ್ನೇ ಹಿಡಿದು ಅದರ ಎಕ್ಸ್, ವೈ, ಝಡ್ ಘಟಕಗಳ ಸರಾಸರಿ ತೆಗೆದರೆ ಮೂರೂ ಸೊನ್ನೆ. ಬೆಥೆಯವರ ಸರಪಳಿಯಲ್ಲಿಯೂ ಸೊನ್ನೆಯೇ. ಭೇದ ಕಾಣುವುದು ಎರಡು ಸ್ಪಿನ್ನುಗಳ ಒಂದೇ ಘಟಕವನ್ನು ಗುಣಿಸಿ ಸರಾಸರಿ ತೆಗೆದಾಗ, ಇದೇ ಸಹಸಂಬಂಧ. ಮಜುಂದಾರ್–ಘೋಷ್ ಸ್ಥಿತಿಯಲ್ಲಿ ಜೋಡಿಯೊಳಗೆ ಅದು ಸರಿಯಾಗಿ −1/4, ಜೋಡಿಯಾಚೆ ಸೊನ್ನೆ. ಬೆಥೆಯವರ ಅನಂತ ಸರಪಳಿಯಲ್ಲಿ ಪಕ್ಕದ ಸ್ಪಿನ್ನುಗಳ ನಡುವೆ ಸುಮಾರು −0.148, ದೂರ ಹೆಚ್ಚಿದಂತೆ ಅದು ಮೆಲ್ಲನೆ ಕ್ಷೀಣಿಸುತ್ತದೆ. ಎರಡರಲ್ಲಿಯೂ ಎಲ್ಲ ದಿಕ್ಕುಗಳೂ ಸಮಾನವಾದ್ದರಿಂದ ಮೂರು ಘಟಕಗಳ ಸಹಸಂಬಂಧ ಒಂದೇ ಬರಬೇಕು. ಬಾರದಿದ್ದರೆ ಗಣಕದ ಲೆಕ್ಕದಲ್ಲಿ ದೋಷವಿದೆಯೆಂದು ಅರ್ಥ.

1992ರಲ್ಲಿ ಅಮೆರಿಕದ ಸ್ಟೀವನ್ ವೈಟ್ ಹೊಸ ವಿಧಾನವೊಂದನ್ನು ರೂಪಿಸಿದರು: ಸರಪಳಿಯನ್ನು ಸ್ವಲ್ಪಸ್ವಲ್ಪವೇ ಬೆಳೆಸುತ್ತ, ಪ್ರತಿ ಹಂತದಲ್ಲಿ ಮುಖ್ಯವಾದ ಸ್ಥಿತಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಕೈಬಿಡುವುದು. ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಳಗ ಬೇಗನೆ ಕೈಗೆತ್ತಿಕೊಂಡಿತು. ಆರ್. ಚಿತ್ರಾ, ಸ್ವಪನ್ ಪತಿ, ಎಚ್. ಆರ್. ಕೃಷ್ಣಮೂರ್ತಿ, ದಿಪ್ತಿಮಾನ್ ಸೇನ್ ಮತ್ತು ಎಸ್. ರಾಮಶೇಷ 1995ರಲ್ಲಿ ಪ್ರಕಟಿಸಿದ ಲೇಖನ ಮಜುಂದಾರ್–ಘೋಷ್ ಸರಪಳಿಯನ್ನೇ ವಿಸ್ತರಿಸಿತು. ಪಕ್ಕದ ಕೊಂಡಿಗಳು ಒಂದು ಬಲವಾಗಿ, ಒಂದು ದುರ್ಬಲವಾಗಿ ಬಂದರೆ ಸಹಸಂಬಂಧಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಅದು ಪರಿಶೀಲಿಸಿತು.

ಸೂರತ್ತಿನ ಅಡಾಜಣ್‌ನಲ್ಲಿ ಬೆಂಗಳೂರೆಂದರೆ ಸಾಫ್ಟ್‌ವೇರ್ ಎಂದೇ ಬಗೆಯುವವರ ನಡುವೆ ನಾವಿದ್ದೇವೆ. ನಮ್ಮ ಮಕ್ಕಳೂ ಹಾಗೆಯೇ ತಿಳಿದು ಬೆಳೆಯಬಾರದೆಂದರೆ, ಈ ಹೆಸರುಗಳನ್ನೂ ಈ ವರ್ಷಗಳನ್ನೂ ಅವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನಮ್ಮದೇ.