ಹರಿಗೋಲಿನ ತೊಗಲು, ಆಕ್ಸಲ್‌ನ ಬೂಟು

"ತಮ್ಮಾ, ಗಾಡಿ ತಿರುಗಿಸಿದ್ರ ಮುಂದಿನ ಗಾಲಿಯಾಗ ಕಟಕಟ ಅಂತೈತಿ ನೋಡು" ಅಂತ ಅಪ್ಪ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್‌ಗೆ ಓಡುತ್ತಿದ್ದೆ. "ಮುಂದಿನ ಸಲ ಬಂದಾಗ ನೋಡೋಣಪ್ಪಾ" ಅಂದೆ. ಮೂರು ತಿಂಗಳು ಕಳೆದವು. ಒಂದು ದಿನ ಅವ್ವನನ್ನು ಗಂಗಾವತಿಗೆ ಡಾಕ್ಟರ ಹತ್ತಿರ ಕರೆದೊಯ್ಯುವಾಗ ಆ ಹಳೇ ಮಾರುತಿ 800 ದಾರಿಯಲ್ಲಿ ನಿಂತುಬಿಟ್ಟಿತು. ಎಂಜಿನ್ ಓಡುತ್ತಿತ್ತು, ಗೇರೂ ಬೀಳುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಆಟೋ ಸಿಗುವವರೆಗೆ ಅವ್ವ ಒಂದು ತಾಸು ಬಿಸಿಲಲ್ಲಿ ಕೂತಳು. ಅವಳು ನನ್ನನ್ನು ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮುರಿದದ್ದು ಎಡಗಾಲಿಯ ಸಿವಿ ಜಾಯಿಂಟ್. ಗೇರ್‌ಬಾಕ್ಸಿನಿಂದ ಗಾಲಿಗೆ ಶಕ್ತಿ ಒಯ್ಯುವ ಆಕ್ಸಲ್‌ನ ತುದಿಯ ಕೀಲು ಅದು. ಮುಂದಿನ ಗಾಲಿ ಏಕಕಾಲಕ್ಕೆ ಮೂರು ಕೆಲಸ ಮಾಡಬೇಕು: ಉರುಳಬೇಕು, ಎಡಬಲಕ್ಕೆ ತಿರುಗಬೇಕು, ಹೊಂಡ ಬಂದಾಗ ಮೇಲೆ ಕೆಳಗೆ ಆಡಬೇಕು. ಇಷ್ಟರ ನಡುವೆ ಶಕ್ತಿ ತಡೆಯಿಲ್ಲದೆ ಹರಿಯಬೇಕು. ಈ ಒಗಟು ಬಿಡಿಸಲು ಜಗತ್ತಿಗೆ ಎರಡೂವರೆ ಶತಮಾನ ಬೇಕಾಯಿತು.

1670ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಓರೆಯಾದ ಎರಡು ದಂಡಗಳನ್ನು ಜೋಡಿಸುವ ಕೀಲಿನ ಬಗ್ಗೆ ಬರೆದ. ಅದರಲ್ಲೊಂದು ತೊಡಕಿತ್ತು. ಒಂದು ದಂಡ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಓರೆ ಹೆಚ್ಚಿದಷ್ಟೂ ಈ ಜಗ್ಗಾಟ ಹೆಚ್ಚು. ಅಂಬಾಸಿಡರ್, ಪದ್ಮಿನಿಗಳಲ್ಲಿ ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಗಾಲಿಗೆ. ಅಲ್ಲಿ ಓರೆ ಕಡಿಮೆ, ಹುಕ್‌ನ ಕೀಲೇ ಸಾಕಾಗುತ್ತಿತ್ತು. ಮುಂದಿನ ಗಾಲಿಗೆ ಅದನ್ನೇ ಹಾಕಿದರೆ ತಿರುವಿನಲ್ಲಿ ಸ್ಟೇರಿಂಗ್ ಕೈಯಲ್ಲೇ ಅದುರುತ್ತದೆ.

1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ಇದಕ್ಕೆ ಉತ್ತರ ಕಂಡುಕೊಂಡ. ಬಟ್ಟಲಿನಂಥ ಹೊರಭಾಗ, ಒಳಗೊಂದು ಗುಂಡು ಭಾಗ, ನಡುವಿನ ತೋಡುಗಳಲ್ಲಿ ಆರು ಉಕ್ಕಿನ ಗುಂಡುಗಳು. ಗಾಲಿ ಎಷ್ಟೇ ತಿರುಗಲಿ, ಆ ಗುಂಡುಗಳು ಎರಡು ದಂಡಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಜಾಗದಲ್ಲೇ ನಿಲ್ಲುತ್ತವೆ. ಹಾಗಾಗಿ ಎರಡೂ ಕಡೆ ವೇಗ ಒಂದೇ. 1956ರ ಸುಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಬರ ಬಂದಾಗ ಬ್ರಿಟನ್ನಿಗೆ ಸಣ್ಣ ಕಾರು ಬೇಕಾಯಿತು. ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಮುಂದಿನ ಗಾಲಿಗೇ ಶಕ್ತಿ ಕೊಟ್ಟು 1959ರಲ್ಲಿ ಮಿನಿ ಕಾರು ತಂದ. ಅದರೊಳಗೆ ಇದ್ದದ್ದು ಝೆಪ್ಪಾನ ಮಾದರಿಯ ಕೀಲೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ, ಅದೇ ಏರ್ಪಾಡು ನಮ್ಮ ಮಧ್ಯಮ ವರ್ಗದ ಮನೆ ಮುಂದೆ ಬಂದು ನಿಂತಿತು.

ಇಷ್ಟು ಜಾಣತನದ ಕೀಲನ್ನು ಕಾಯುವುದು ಒಂದು ರಬ್ಬರ್ ಬೂಟು. ಮಡಿಕೆ ಮಡಿಕೆಯಾಗಿ ಇರುವ, ಕೆಲವು ನೂರು ರೂಪಾಯಿಯ ಚೀಲ. ಅದರೊಳಗೆ ಕಪ್ಪು ಗ್ರೀಸು. ಬೂಟು ಸೀಳಿದರೆ ಗಾಲಿ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಮರಳು ನೀರು ಒಳಗೆ ಹೋಗುತ್ತವೆ. ಕಟಕಟ ಶಬ್ದ ಕೇಳಿಸುವ ಹೊತ್ತಿಗೆ ತೋಡು ಸವೆದಿರುತ್ತದೆ.

ಆ ಶನಿವಾರ ಊರಿಗೆ ಹೋದೆ. ಎಡಗಡೆಗೆ ಇಡೀ ಆಕ್ಸಲ್ ಹೊಸದು ಬೇಕಾಯಿತು. ಬಲಗಡೆ ಬೂಟು ಬಿರುಕು ಬಿಟ್ಟಿತ್ತು, ಕೀಲು ಗಟ್ಟಿಯಿತ್ತು. ಅದನ್ನು ಅಂಗಳದಲ್ಲೇ ಮಾಡಿದೆವು. ಗಾಡಿ ನೆಲದ ಮೇಲಿದ್ದಾಗಲೇ ಗಾಲಿ ನಡುವಿನ ದೊಡ್ಡ ನಟ್ಟು ಸಡಿಲಿಸಿದೆ. ಜಾಕ್ ಒಂದನ್ನೇ ನಂಬದೆ ಅಪ್ಪ ದಪ್ಪ ಮರದ ದಿಮ್ಮಿಗಳನ್ನು ಕೊಟ್ಟರು. ಗೇರ್ ಎಣ್ಣೆ ಸೋರೀತು ಅಂತ ಕೆಳಗೆ ಬುಟ್ಟಿ ಇಟ್ಟು ಆಕ್ಸಲ್ ಎಳೆದೆ. ಹಳೇ ಗ್ರೀಸು ಒರೆಸಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೊಂದೇ ಗುಂಡು ಬೆಳಕಿಗೆ ಹಿಡಿದು ನೋಡಿದೆ. ಗುಳಿ ಬಿದ್ದಿರಲಿಲ್ಲ. ಮಾಲಿಬ್ಡಿನಂ ಗ್ರೀಸು ತುಂಬಿ, ಹೊಸ ಬೂಟು ಏರಿಸಿ, ಎರಡೂ ಕ್ಲಾಂಪ್ ಬಿಗಿದೆ.

ಅಪ್ಪ ಹಳೇ ಬೂಟನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ ನಕ್ಕರು. "ಹರಿಗೋಲಿಂದೂ ಇದ ಕಥಿ ಅಲ್ಲೇನೋ. ತಳ ಹರಿದ ಮ್ಯಾಲೆ ಹೊಸಾ ಹುಟ್ಟು ತಂದ್ರ ಏನ್ ಬಂತು?"

ನಮ್ಮದು ವಿರೂಪಾಪುರಗಡ್ಡೆ. ಎದುರಿಗೇ ಹಂಪಿಯ ಗೋಪುರ ಕಾಣುತ್ತದೆ, ನಡುವೆ ತುಂಗಭದ್ರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಗೆ ದಾಟುವ ಬುಟ್ಟಿಯಂಥ ದೋಣಿಗಳನ್ನು ಬಣ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರಂತೆ, ಗಿರಗಿರ ತಿರುಗುತ್ತಲೇ ಸಾಗುತ್ತಿದ್ದವಂತೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರು ಸತ್ತರು. ಹರಿಗೋಲು ಮಾತ್ರ ಸಾಗುತ್ತಲೇ ಇತ್ತು, ಯಾಕೆಂದರೆ ಅಂಬಿಗರು ದಿನಾ ಅದನ್ನು ಮಗುಚಿ ಹಾಕಿ ತಳ ನೋಡುತ್ತಿದ್ದರು. ಮೋಟಾರು ಕಾರುಗಳ ಆರಂಭದ ಕಾಲದಲ್ಲೂ ಕೀಲುಗಳಿಗೆ ತೊಗಲಿನ ಚೀಲ ಕಟ್ಟಿ ಗ್ರೀಸು ತುಂಬುತ್ತಿದ್ದರು.

ಇತಿಹಾಸದಲ್ಲಿ ಹುಕ್, ಝೆಪ್ಪಾ, ಇಸಿಗೋನಿಸ್ ಹೆಸರು ಉಳಿದಿವೆ. ತಳ ನೋಡಿದವರ ಹೆಸರು ಯಾರೂ ಬರೆದಿಡಲಿಲ್ಲ. ಆ ಕೆಲಸ ಮೂರು ತಿಂಗಳು ಮುಂದೂಡಿದ್ದರ ಬೆಲೆ ನನಗೆ ಈಗ ಗೊತ್ತು.

ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತಿರುವ ಕಾರೂ ಬಹುಶಃ ಮುಂದಿನ ಗಾಲಿಯದ್ದೇ. ನಾಳೆ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಗಾಡಿ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಿಡಿದು ಗಾಲಿಯ ಹಿಂದೆ ಬಗ್ಗಿ ನೋಡಿ. ಬೂಟಿನ ಮಡಿಕೆಯಲ್ಲಿ ಬಿರುಕಿದೆಯೇ, ರಿಮ್ಮಿನ ಒಳಗೆ ಕಪ್ಪು ಗ್ರೀಸು ಚಿಮ್ಮಿದೆಯೇ. ಎರಡು ನಿಮಿಷದ ಕೆಲಸ. ಊರಿನಲ್ಲಿ ಅಪ್ಪನ ಗಾಡಿಯೊಂದು ಇದ್ದರೆ, ಅವರಿಗೂ ಒಂದು ಫೋನ್ ಮಾಡಿ.