ಬ್ಯಾಂಟಮ್ ಪೈಲಟ್: ಜೀಪಿಗೂ ಮೊದಲಿನ ಜೀಪು

ಎರಡನೇ ಮಹಾಯುದ್ಧದ ರಣಾಂಗಣಗಳಲ್ಲಿ ಹೆಸರು ಮಾಡಿದ ಜೀಪು ವಾಹನದ ಮೊಟ್ಟಮೊದಲ ಮಾದರಿಯೇ ‘ಬ್ಯಾಂಟಮ್ ಪೈಲಟ್’. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಪುಟ್ಟ ಪಟ್ಟಣದಲ್ಲಿ 1940ರಲ್ಲಿ ಇದು ಸಿದ್ಧವಾಯಿತು. ಜೀಪು ಎಂದೊಡನೆ ಜಗತ್ತಿಗೆ ನೆನಪಾಗುವುದು ವಿಲ್ಲಿಸ್ ಕಂಪನಿ. ಆದರೆ ಈ ವಾಹನಕ್ಕೆ ಜನ್ಮ ಕೊಟ್ಟದ್ದು ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಕಾರ್ ಕಂಪನಿ.

ಬ್ರಿಟನ್ನಿನ ಆಸ್ಟಿನ್ ಸೆವೆನ್ ಕಾರನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದ ಅಮೆರಿಕನ್ ಆಸ್ಟಿನ್ ಸಂಸ್ಥೆ ಮುಳುಗಿದ ಬಳಿಕ, ಅದೇ ಕಾರ್ಖಾನೆಯಲ್ಲಿ ಹುಟ್ಟಿಕೊಂಡದ್ದು ಬ್ಯಾಂಟಮ್. ದೊಡ್ಡ ಕಾರುಗಳ ಮೋಹಕ್ಕೆ ಬಿದ್ದಿದ್ದ ಅಮೆರಿಕನ್ನರಿಗೆ ಅದರ ಚಿಕ್ಕ ಕಾರುಗಳು ರುಚಿಸಲಿಲ್ಲ. ಕಂಪನಿಗೆ ಉಳಿದಿದ್ದ ಆಸೆ ಸೇನೆಯ ಗುತ್ತಿಗೆಯೊಂದೇ.

1940ರ ಜುಲೈ 11ರಂದು ಅಮೆರಿಕದ ಸೇನೆ 135 ತಯಾರಕರಿಗೆ ಆಹ್ವಾನ ಕಳುಹಿಸಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿಯಬೇಕು, ತೂಕ 1,300 ಪೌಂಡ್ (ಸುಮಾರು 590 ಕಿಲೋ) ಮೀರಕೂಡದು, ಸುಮಾರು 270 ಕಿಲೋ ಭಾರ ಹೊರಬೇಕು ಎಂಬುದು ಷರತ್ತು. ಮೊದಲ ವಾಹನವನ್ನು 49 ದಿನಗಳಲ್ಲಿ, ಒಟ್ಟು 70 ವಾಹನಗಳನ್ನು 75 ದಿನಗಳಲ್ಲಿ ಒಪ್ಪಿಸಬೇಕಿತ್ತು. ಬಿಡ್ ಸಲ್ಲಿಸಲು ಇದ್ದ ಕಾಲಾವಕಾಶವೋ ಕೇವಲ 11 ದಿನ! ಮುಂದೆ ಬಂದದ್ದು ಬ್ಯಾಂಟಮ್ ಮತ್ತು ವಿಲ್ಲಿಸ್-ಓವರ್‌ಲ್ಯಾಂಡ್ ಮಾತ್ರ. ವಿಲ್ಲಿಸ್ ನಮೂದಿಸಿದ ಬೆಲೆ ಕಡಿಮೆಯಿದ್ದರೂ ಅದು ಹೆಚ್ಚಿನ ಕಾಲಾವಕಾಶ ಕೋರಿತ್ತು. ವಿಳಂಬದ ದಂಡ ಸೇರಿಸಿದಾಗ ಗುತ್ತಿಗೆ ಬ್ಯಾಂಟಮ್ ಪಾಲಾಯಿತು.

ಬ್ಯಾಂಟಮ್‌ನಲ್ಲಿ ಆಗ ವಿನ್ಯಾಸಕಾರರೇ ಇರಲಿಲ್ಲ. ಡೆಟ್ರಾಯಿಟ್‌ನ ಸ್ವತಂತ್ರ ಎಂಜಿನಿಯರ್ ಕಾರ್ಲ್ ಪ್ರಾಬ್ಸ್ಟ್ ಮುಂಗಡ ಸಂಬಳವಿಲ್ಲದೆಯೇ ಬಟ್ಲರ್‌ಗೆ ಬಂದು, ಎರಡೇ ದಿನಗಳಲ್ಲಿ ವಾಹನದ ನಕ್ಷೆ ಹಾಕಿದರು. ವಾಹನ 1,850 ಪೌಂಡ್ ತೂಗಬಹುದೆಂಬುದು ಅವರ ಲೆಕ್ಕ. ಬಿಡ್ ತಿರಸ್ಕೃತವಾಗದಿರಲೆಂದು ಕಾಗದದ ಮೇಲೆ ಮಾತ್ರ ಮಿತಿಯೊಳಗಿನ ಅಂಕಿಯನ್ನೇ ಬರೆಯಲಾಯಿತು. ಸೇನೆಯ ಮಿತಿಯೇ ಅಸಾಧ್ಯವಾದುದಾಗಿತ್ತು ಎಂಬುದು ಆಮೇಲೆ ರುಜುವಾತಾಯಿತು. ಅದನ್ನು ಮುಂದೆ 2,160 ಪೌಂಡ್‌ಗಳಿಗೆ ಏರಿಸಬೇಕಾಯಿತು.

ನಿಜವಾದ ಸವಾಲಿದ್ದುದು ಮುಂದಿನ ಆಕ್ಸಲ್‌ನಲ್ಲಿ. ಮುಂಚಕ್ರಗಳು ತಿರುಗಿಸಿದತ್ತ ತಿರುಗಬೇಕು, ಹಾಗೆ ತಿರುಗುವಾಗಲೂ ಎಂಜಿನ್ನಿನ ಶಕ್ತಿ ತಪ್ಪದೆ ತಲುಪುತ್ತಿರಬೇಕು. ಇಷ್ಟು ಹಗುರ ವಾಹನಕ್ಕೆ ಹೊಂದುವ ಆಕ್ಸಲ್ ಮಾರುಕಟ್ಟೆಯಲ್ಲಿ ಸಿದ್ಧವಿರಲಿಲ್ಲ. ಸ್ಪೈಸರ್ ಕಂಪನಿ ಸ್ಟುಡಿಬೇಕರ್ ಚಾಂಪಿಯನ್ ಕಾರಿನ ಆಕ್ಸಲ್ ಅನ್ನು ಮಾರ್ಪಡಿಸಿಕೊಟ್ಟಿತು. ಕಾಂಟಿನೆಂಟಲ್ ಕಂಪನಿಯ ನಾಲ್ಕು ಸಿಲಿಂಡರುಗಳ, 45 ಅಶ್ವಶಕ್ತಿಯ ಎಂಜಿನ್ ಕೂಡಿಸಲಾಯಿತು. ಕಾರ್ಖಾನೆಯ ಹೆರಾಲ್ಡ್ ಕ್ರಿಸ್ಟ್ ಮತ್ತು ಅವರ ಕೆಲಸಗಾರರು ಹಲವು ಭಾಗಗಳನ್ನು ಕೈಯಿಂದಲೇ ಮಾಡಿದರು. ಶ್ರೇಯಸ್ಸೆಲ್ಲ ಪ್ರಾಬ್ಸ್ಟ್‌ಗೇ ಸಲ್ಲುವುದು ರೂಢಿ. ಆದರೆ ಕ್ರಿಸ್ಟ್ ಪಾಲು ಅದಕ್ಕಿಂತ ಕಡಿಮೆಯದೇನಲ್ಲ.

ಗಡುವಿನ ದಿನವಾದ ಸೆಪ್ಟೆಂಬರ್ 23ರಂದು ಪ್ರಾಬ್ಸ್ಟ್ ಮತ್ತು ಕ್ರಿಸ್ಟ್ ವಾಹನವನ್ನು ತಾವೇ ಓಡಿಸಿಕೊಂಡು ಮೇರಿಲ್ಯಾಂಡ್‌ನ ಹಾಲಬರ್ಡ್ ಸೇನಾ ಶಿಬಿರಕ್ಕೆ ಹೊರಟರು. ಸಂಜೆ 5ಕ್ಕೆ ಗಡುವು. ಅವರು ತಲುಪಿದ್ದು 4.30ಕ್ಕೆ. ಅನಂತರದ ಪರೀಕ್ಷೆಯಲ್ಲಿ ವಾಹನವನ್ನು 3,400 ಮೈಲಿಗೂ ಹೆಚ್ಚು ದೂರ, ಬಹುಪಾಲು ರಸ್ತೆಯೇ ಇಲ್ಲದ ನೆಲದಲ್ಲಿ, ನಿರ್ದಯವಾಗಿ ಓಡಿಸಲಾಯಿತು. ಕೊನೆಕೊನೆಗೆ ಚೌಕಟ್ಟು ಬಿರುಕುಬಿಟ್ಟರೂ ಸೇನೆಗೆ ಬೇಕಾದ ವಾಹನ ಸಿಕ್ಕಿತ್ತು.

ಬ್ಯಾಂಟಮ್‌ಗೆ ಪೆಟ್ಟು ಬಿದ್ದದ್ದು ಈ ಯಶಸ್ಸಿನ ನಂತರವೇ. ಸಣ್ಣ ಕಂಪನಿಯೊಂದನ್ನೇ ನಂಬಿ ಕೂರಲು ಒಪ್ಪದ ಸೇನೆ, ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ತೋರಿಸಿತು. ಅದೇ ನವೆಂಬರಿನಲ್ಲಿ ವಿಲ್ಲಿಸ್ ‘ಕ್ವಾಡ್’, ಫೋರ್ಡ್ ‘ಪಿಗ್ಮಿ’ ಮಾದರಿಗಳು ಬಂದವು. ಮೂವರಿಗೂ ತಲಾ 1,500 ವಾಹನಗಳ ಬೇಡಿಕೆ ದೊರೆಯಿತು. 1941ರ ಜುಲೈನಲ್ಲಿ, 60 ಅಶ್ವಶಕ್ತಿಯ ಎಂಜಿನ್ ಹಾಗೂ ಕಡಿಮೆ ಬೆಲೆಯ ಬಲದಿಂದ ವಿಲ್ಲಿಸ್ 16,000 ವಾಹನಗಳ ಗುತ್ತಿಗೆ ಗೆದ್ದಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ಬ್ಯಾಂಟಮ್ ತಯಾರಿಸಿದ್ದು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಅನೇಕವು ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟದ ಪಾಲಾದವು. ಜೀಪನ್ನು ಹುಟ್ಟಿಸಿದ ಕಾರ್ಖಾನೆ ಯುದ್ಧದ ಉಳಿದ ದಿನಗಳಲ್ಲಿ ಜೀಪಿನ ಹಿಂದೆ ಕಟ್ಟುವ ಟ್ರೇಲರ್‌ಗಳನ್ನು ತಯಾರಿಸಿತು.

ಜೀಪಿನ ಸೃಷ್ಟಿಕರ್ತ ತಾನೇ ಎಂದು ವಿಲ್ಲಿಸ್ ಜಾಹೀರಾತು ನೀಡಿದಾಗ ವಿಷಯ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಹೋಯಿತು. ವಿಲ್ಲಿಸ್ ಹಾಗೆ ಹೇಳಿಕೊಳ್ಳುವಂತಿಲ್ಲವೆಂದು ಆಯೋಗ 1948ರಲ್ಲಿ ತೀರ್ಪಿತ್ತಿತು. ಆದರೂ ‘ಜೀಪ್’ ಎಂಬ ವ್ಯಾಪಾರ ಚಿಹ್ನೆ 1950ರಲ್ಲಿ ವಿಲ್ಲಿಸ್‌ಗೇ ದಕ್ಕಿತು. ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ಜೋಡಿಸಲಾರಂಭಿಸಿದ್ದೂ ವಿಲ್ಲಿಸ್ ಜೀಪುಗಳನ್ನೇ.

ಹಾಲಬರ್ಡ್‌ಗೆ ಬಂದ ಆ ಮೊದಲ ವಾಹನ ಈಗ ಉಳಿದಿಲ್ಲ. ಆ ಗುತ್ತಿಗೆಯ 70 ವಾಹನಗಳಲ್ಲಿ ಏಳನೆಯದಾದ ‘ಗ್ರ್ಯಾಂಪ್ಸ್’ ಮಾತ್ರ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಭದ್ರವಾಗಿದೆ.