ಹಂಡೆಯ ತಳದ ನೀರು

ಹೋದ ಮಾಘಮಾಸದಲ್ಲಿ ರೋಣಕ್ಕೆ ಹೋದಾಗ ಸೋದರತ್ತೆ ನನ್ನ ಹೆರಳು ಬಿಚ್ಚಿ ಹಣಿಗೆ ಆಡಿಸಿದರು. ಎರಡು ಸಲ ಆಡಿಸುವಷ್ಟರಲ್ಲಿ ಹಣಿಗೆಯ ತುಂಬ ಮುರಿದ ಕೂದಲು. ಉದುರಿದ್ದಲ್ಲ, ನಡುವೆ ತುಂಡಾದದ್ದು. ಅತ್ತೆ ಹಣಿಗೆ ಕೆಳಗಿಟ್ಟು ಕೇಳಿದರು: "ಯಾರ ಕೈಯಾಗ ಕೊಟ್ಟಿದ್ದೆವ್ವಾ ಈ ತಲಿ?"

ಮಗನ ಮದುವೆಗೆಂದು ಒಂದು ಸೌಂದರ್ಯ ಕೇಂದ್ರದಲ್ಲಿ ಕೊಟ್ಟಿದ್ದೆ. ಹುಟ್ಟಿನಿಂದ ನನ್ನದು ನವಿರಾದ, ಗುಂಗುರು ಕೂದಲು. ಅದನ್ನು ಔಷಧಿ ಹಚ್ಚಿ ನೇರ ಮಾಡಿಸಿದೆ; ಆರು ತಿಂಗಳೊಳಗೆ ಇನ್ನೊಮ್ಮೆ ಮಾಡಿಸಿದೆ. ಮದುವೆಯ ಪಟಗಳಲ್ಲಿ ಚೆನ್ನಾಗಿಯೇ ಕಾಣುತ್ತೇನೆ. ಅತ್ತೆ ಇದನ್ನೆಲ್ಲ ಕೇಳಿ, "ಮನ್ಯಾಗ ಎಲ್ಲಾರಿಗೂ ಎರೀತಿ. ನಿನಗ ನೀ ಎಣ್ಣಿ ಹಚ್ಚಿ ಎರಕೊಂಡು ಎಷ್ಟು ದಿನಾ ಆತು?" ಎಂದರು. ನನಗೆ ಲೆಕ್ಕ ಸಿಗಲಿಲ್ಲ. ಚರಿತ್ರೆಯ ಪುಟಗಳಲ್ಲಿ ಕೂದಲ ಕತೆ ಹೇಳಲು ಹೊರಟದ್ದಕ್ಕೆ ಓದುಗರು ನಗಬಹುದು. ಆ ಪ್ರಶ್ನೆಯೇ ನನ್ನನ್ನು ಇಷ್ಟು ದೂರ ಎಳೆದು ತಂದಿತು.

ಮರುದಿನ ಸೂಡಿಗೆ ಹೋದೆವು. ಈಗ ಸಣ್ಣ ಊರು. 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ರಾಜಧಾನಿ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿ ಆಳಿದ ನಾಡು. ಶಾಸನಗಳು ಆಕೆಯನ್ನು ಗುಣದ ಬೆಡಂಗಿ ಎಂದು ಹೊಗಳುತ್ತವೆ, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದನ್ನೂ ಹೇಳುತ್ತವೆ. ಅಲ್ಲಿಯ ನಾಗಕುಂಡದ ಮೆಟ್ಟಿಲ ಮೇಲೆ ಕುಳಿತರೆ ಕಲ್ಲಿನ ಕೆತ್ತನೆಯನ್ನು ನೀರಿಗಾಗಿ ಇಷ್ಟೊಂದು ಮಾಡಿದರಲ್ಲ ಎಂದು ಬೆರಗಾಗುತ್ತದೆ. ನೀರಿನ ಬೆಲೆ ತಿಳಿದವರು ಅವರು.

ಅದೇ ವಂಶದ ಮೂರನೆಯ ಸೋಮೇಶ್ವರ, 1126ರಿಂದ 1138ರವರೆಗೆ ಆಳಿದವನು, ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಅರಸನ ಉಪಭೋಗಗಳಿಗೇ 20 ಅಧ್ಯಾಯ ಮೀಸಲು. ಅವುಗಳಲ್ಲಿ ಸ್ನಾನವೂ ಒಂದು. ಹೂವಿನ ಪರಿಮಳ ಹತ್ತಿಸಿದ ಎಳ್ಳೆಣ್ಣೆ, ಅದನ್ನು ಮೈಗೆ ತಿಕ್ಕಲು ಆಳುಗಳು, ಎಲ್ಲಕ್ಕೂ ಕ್ರಮ ಉಂಟು. ಅರಸನು ತನ್ನ ಮೈಯನ್ನು ಜೋಪಾನ ಮಾಡುವುದು ರಾಜ್ಯದ ಕೆಲಸಗಳಲ್ಲೊಂದು ಎಂಬಂತೆ ಬರೆದಿದ್ದಾನೆ. ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನನ್ನ ತವರು ನರಗುಂದ. ಎರೆಭೂಮಿಯ ಸೀಮೆ, ಬಾವಿ ತೋಡಿದರೆ ಬಹುಕಡೆ ಸವುಳು ನೀರು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲಿನ ಬಾಲ್ಯ ನನ್ನದು. ಕೆರೆಯಿಂದ ಹೊತ್ತು ತಂದ ನೀರನ್ನು ಹಂಡೆಯಲ್ಲಿ ಕಾಯಿಸಿದರೆ ಮೊದಲು ಅಜ್ಜ, ಆಮೇಲೆ ಅಪ್ಪ, ಕಾಕಾ, ಗಂಡು ಹುಡುಗರು, ನಾವು ಹುಡುಗಿಯರು. ಅವ್ವನಿಗೆ ಹಂಡೆಯ ತಳದಲ್ಲಿ ಉಳಿದದ್ದು. ಉಳಿಯದಿದ್ದರೆ ಮುಂದಿನ ವಾರ. ಇದನ್ನು ಯಾರೂ ಕಟ್ಟಳೆ ಮಾಡಿರಲಿಲ್ಲ, ಯಾರೂ ಮೀರಲೂ ಇಲ್ಲ. 1980ರ ಜುಲೈಯಲ್ಲಿ ನರಗುಂದದ ರೈತರು ನೀರಿನ ಕರದ ವಿರುದ್ಧ ಎದ್ದರು, ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಹೊಲದ ನೀರಿಗೆ ಹೀಗೆ ಚರಿತ್ರೆ ಉಂಟು. ಬಚ್ಚಲ ನೀರಿನ ಚರಿತ್ರೆಯನ್ನು ಬರೆದವರನ್ನು ನಾನು ಕಾಣೆ.

ಸವುಳು ನೀರಿಗೆ ಸಾಬೂನು ಹಾಕಿದರೆ ನೊರೆ ಬರುವ ಬದಲು ಬಿಳಿಯ ಜಿಗುಟು ಕೂದಲಿಗೆ ಅಂಟುತ್ತದೆ. ನೀರಿನಲ್ಲಿಯ ಸುಣ್ಣದ ಅಂಶಕ್ಕೂ ಸಾಬೂನಿಗೂ ಆಗುವ ಸಂಬಂಧ ಅದು. ಸೀಗೆಕಾಯಿ, ಅಂಟವಾಳಕಾಯಿಗಳಲ್ಲಿ ಕೊಳೆ ತೆಗೆಯುವ ವಸ್ತು ಬೇರೆ ಜಾತಿಯದು, ಸುಣ್ಣದೊಡನೆ ಹಾಗೆ ಗಟ್ಟಿಯಾಗುವುದಿಲ್ಲ. ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದಿರಲಿಲ್ಲ. ತಮ್ಮ ಬಾವಿಯ ನೀರನ್ನು ಓದಿದ್ದರು.

ನಮ್ಮ ಮನೆಯಲ್ಲಿ ಎಲ್ಲರ ತಲೆ ಬಾಚುತ್ತಿದ್ದವಳು ದೊಡ್ಡಜ್ಜಿ, ಅಜ್ಜಿಯ ಅಕ್ಕ. ಮಧ್ಯಾಹ್ನ ಮಡಿ ಬಿಟ್ಟ ಮೇಲೆ ನಾವು ಹುಡುಗಿಯರು ಸಾಲಾಗಿ ಕೂಡಬೇಕು. ಸಿಕ್ಕು ಬಿಡಿಸುವುದರಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ, ಒಂದು ಎಳೆ ಹರಿಯಗೊಡುತ್ತಿರಲಿಲ್ಲ. ಅವಳದು ಮಾತ್ರ ಕೆಂಪು ಸೀರೆಯ ಸೆರಗಿನಡಿ ಬೋಳಿಸಿದ ತಲೆ. ಗಂಡ ತೀರಿದಾಗ ಅವಳಿಗೆ ಹದಿಮೂರು ವರ್ಷವಂತೆ. "ನಿನಗ ಬಾಚೋದು ಹ್ಯಾಂಗ ಗೊತ್ತಜ್ಜಿ?" ಎಂದು ನಾನೊಮ್ಮೆ ಕೇಳಿದ್ದೆ. "ಹದಿಮೂರು ವರ್ಷ ಇತ್ತಲ್ಲವ್ವಾ" ಎಂದಿದ್ದಳು.

ಅವಳು ಹುಟ್ಟುವ ಮೊದಲೇ ಇದರ ವಿರುದ್ಧ ದನಿ ಎದ್ದಿತ್ತು. ನರಗುಂದದ ಬಾಬಾಸಾಹೇಬ ಬಂಡೆದ್ದ 1858ರಲ್ಲೇ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಅಲ್ಲಿಗೆ ಬಂದ ವಿಧವೆಯರು ಮತ್ತೆ ಕೂದಲು ಬೆಳೆಸಿಕೊಳ್ಳಬಹುದಾಗಿತ್ತು. ಸದನದ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1890ರ ಸಂಗತಿ. ಕಾರ್ಮಿಕ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆಗೆ ಕತ್ತಿ ತಾಗಿಸುವುದಿಲ್ಲವೆಂದು ನಿಶ್ಚಯಿಸಿದರು. ಶಾಸ್ತ್ರಿಗಳ ವಾದ ಮುಗಿಯದಿದ್ದಾಗ ಕತ್ತಿ ಹಿಡಿದವರೇ ಕತ್ತಿ ಕೆಳಗಿಟ್ಟರು. ನಮ್ಮ ಧಾರವಾಡ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತದ್ದಾಗಿತ್ತು. ಆದರೂ ಆ ನಿಶ್ಚಯ ದೊಡ್ಡಜ್ಜಿಯ ಓಣಿಯವರೆಗೆ ಬರಲಿಲ್ಲ.

ಇನ್ನು ನನ್ನ ತಲೆ ಕೆಡಿಸಿದ ಔಷಧಿಯ ಮೂಲ. ಅದು ದೂರದ ಅಮೆರಿಕೆಯದು. ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಗೆ 1867ರಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್ ಅಗಸಗಿತ್ತಿಯಾಗಿ ದುಡಿಯುತ್ತಿದ್ದಳು. ಅವಳ ತಲೆಯ ಕೂದಲು ಉದುರತೊಡಗಿತು. ಬಡವರ ಮನೆಗಳಲ್ಲಿ ನಲ್ಲಿ ಇಲ್ಲ, ಆದ್ದರಿಂದ ತಲೆ ತೊಳೆಯುವುದು ಅಪರೂಪ. ಜೊತೆಗೆ ಖಾರವಾದ ಸಾಬೂನು. ಜಗತ್ತಿನ ಬಟ್ಟೆ ಒಗೆಯುವವಳಿಗೆ ತನ್ನ ತಲೆಗೆ ನೀರಿಲ್ಲ! ಅವಳೇ ಮುಂದೆ ಮೇಡಂ ಸಿ. ಜೆ. ವಾಕರ್ ಎಂದು ಹೆಸರಾಗಿ, 1906ರ ಹೊತ್ತಿಗೆ ಗಂಧಕದ ಮುಲಾಮು ಮಾರುತ್ತ, ತಲೆಯನ್ನು ಮೇಲಿಂದ ಮೇಲೆ ತೊಳೆಯಿರೆಂದು ಹೆಂಗಸರಿಗೆ ಹೇಳುತ್ತ ಸಿರಿವಂತಳಾದಳು. ಕೂದಲು ನೇರ ಮಾಡುವ ರಸಾಯನವನ್ನು ಮಾರಿದವನು ಅದೇ ಕಾಲದ ಗ್ಯಾರೆಟ್ ಮಾರ್ಗನ್. ಹೊಲಿಗೆ ಯಂತ್ರದ ಸೂಜಿ ಬಟ್ಟೆ ಸುಡದಿರಲೆಂದು ದ್ರವ ಮಾಡುತ್ತಿದ್ದ. ಕೈ ಒರೆಸಿದ ಬಟ್ಟೆಯ ಎಳೆಗಳು ನೆಟ್ಟಗಾದುದನ್ನು ಕಂಡು, ಮೊದಲು ಒಂದು ನಾಯಿಯ ಮೇಲೆ ಪ್ರಯೋಗಿಸಿದನಂತೆ.

ಮುಂದೆ ಬಂದ ಔಷಧಿಗಳಲ್ಲಿ ಅನೇಕವು ಕಡು ಕ್ಷಾರದವು. ಕೂದಲಿಗೆ ಬಲ ಕೊಡುವ ಗಂಧಕದ ಬೆಸುಗೆಗಳನ್ನು ಅವು ಮುರಿಯುತ್ತವೆ. ಎಳೆ ಸಣ್ಣದಾದಷ್ಟೂ ಬೇಗ ಸೋಲುತ್ತದೆ. ಗಜೇಂದ್ರಗಡದಲ್ಲಿ ಪಟ್ಟೇದಂಚಿನ ಸೀರೆ ಕೊಳ್ಳಲು ಹೋದಾಗ ವಯಸ್ಸಾದ ನೇಕಾರರೊಬ್ಬರಿಗೆ ಇದನ್ನು ಹೇಳಿದೆ. ಮಗ್ಗದಿಂದ ಕಣ್ಣೆತ್ತದೆ, "ಸುಟ್ಟ ನೂಲಿಗೆ ಗಂಜಿ ಹಚ್ಚಿದರ ನಿಗರಿ ನಿಂದರತದ್ರೀ, ಜೀವಾ ಬರೂದಿಲ್ಲ" ಎಂದರು. ನಾನು ಸಾವಿರಾರು ರೂಪಾಯಿ ಕೊಟ್ಟು ಕೊಂಡ ಲೇಪಗಳ ವಿಷಯವೂ ಅಷ್ಟೇ. ತಲೆಯ ಹೊರಗೆ ಬಂದ ಕೂದಲು ಸತ್ತ ವಸ್ತು, ವಾಸಿಯಾಗದು. ಇದ್ದುದನ್ನು ಕಾಯಬಹುದು. ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿದು ಅದರ ಸಾರ ಸೋರುವುದನ್ನು ತಡೆಯುತ್ತದೆಂದು 2003ರಲ್ಲಿ ನಮ್ಮ ದೇಶದ ಸಂಶೋಧಕರಿಬ್ಬರು ತೋರಿಸಿದ್ದಾರೆ. ಉಳಿದದ್ದಕ್ಕೆ ಕತ್ತರಿಯೇ ಮದ್ದು.

ಕತ್ತರಿಸಿದೆ. ಕಿವಿಯವರೆಗೆ. ನೆಂಟರಲ್ಲಿ ಕೆಲವರು ಹರಕೆಯೇನೋ ಎಂದುಕೊಂಡರು. ರವಿವಾರ ಮೊದಲ ಬಿಸಿನೀರು ನನ್ನದೆಂದು ಮನೆಯಲ್ಲಿ ಹೇಳಲು ಕತ್ತರಿಗಿಂತ ಹೆಚ್ಚು ಧೈರ್ಯ ಬೇಕಾಯಿತು. ಮೊದಲ ವಾರ ಬಾಗಿಲು ಎರಡು ಸಲ ಬಡಿದರು, ಮೂರನೆಯ ವಾರ ಬಡಿಯಲಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರು. ಎಂಟು ತಿಂಗಳಿಗೆ ನಾಲ್ಕು ಬೆರಳು ಹೊಸ ಕೂದಲು ಬಂದಿದೆ, ಹಳೆಯ ಗುಂಗುರಿನೊಡನೆ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮತ್ತೆ ರೋಣಕ್ಕೆ ಹೋಗಿದ್ದೆ. ಅತ್ತೆ ನನಗೆ ಎಣ್ಣೆ ಹಚ್ಚಲು ಕರೆದಾಗ, "ಅತ್ತೀ, ನೀವು ಎರಕೊಂಡು ಎಷ್ಟು ದಿನಾ ಆತು?" ಎಂದೆ. ಅವರು ಹಣಿಗೆ ಹುಡುಕುವ ನೆವ ಮಾಡಿದರು. ಕೈ ಹಿಡಿದು ಮಣೆಯ ಮೇಲೆ ಕೂಡಿಸಿ ತುರುಬು ಬಿಚ್ಚಿದೆ. ಹಂಡೆ ತುಂಬಿತ್ತು. ಎರಡನೆಯ ತಂಬಿಗೆಗೇ ಸೀಗೆಕಾಯಿ ಕಣ್ಣಿಗೆ ಬಿತ್ತೆಂದು ನನ್ನನ್ನು ಮನಸಾರೆ ಬೈದರು.